ಮಾತೆಗೆ ವಿಶ್ರಾಂತಿ

ನಮ್ಮ ತಾಯಿಯವರ 85ನೆಯ ಜನ್ಮದಿನದ ನಿಮಿತ್ತ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳೆಲ್ಲರೂ ಧರ್ಮಸ್ಥಳದ ಬಳಿ ನೇತ್ರಾವತಿಯ ತೀರದಲ್ಲಿರುವ ಶಾಂತಿವನ ಪ್ರಕೃತಿ ಚಿಕಿತ್ಸಾಲಯಕ್ಕೆ ಹೋಗಿದ್ದೆವು. ಎಣ್ಣೆಯ ಮಾಲೀಶು, ಹಬೆಸ್ನಾನ, ಹೊಟ್ಟೆಯ ಮೇಲೆ ತಣ್ಣನೆಯ ಮಣ್ಣಿನ ಪಟ್ಟಿ ಅವರ ದೇಹಕ್ಕೆ ಹಿತವೆನಿಸಿದವು. ಸೂರ್ಯಾಸ್ತಕ್ಕೆ ಮುನ್ನ ಮಿತವಾಗಿ ಉಣ್ಣುವುದು ಅವರಿಗೆ ಹೊಸತಲ್ಲ. ಹೊಸತಾದುದು ಒಂದೇ: ಜೀವನವಿಡೀ ಎಲ್ಲರಿಗೂ ಬಡಿಸಿ ಕೊನೆಗೆ ಉಂಡವರು ಅಲ್ಲಿ ಎಲ್ಲರಿಗಿಂತ ಮೊದಲು ಕುಳಿತರು. “ನಾನು ಏಳಬೇಕಿಲ್ಲವೇನಪ್ಪಾ?” ಎಂದು ಎರಡು ಬಾರಿ ಕೇಳಿದರು.

ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವೂ ಒಂದು. ಮುನಿಜನರ ಸೇವೆಯೇ ಅದರ ಮುಖ್ಯಾರ್ಥವಾದರೂ, ಗೃಹಸ್ಥನಿಗೆ ಅದರ ಅಭ್ಯಾಸವು ಮನೆಯ ವೃದ್ಧರಿಂದಲೇ ಮೊದಲಾಗತಕ್ಕದ್ದು. ಮೂರು ದಿನಗಳ ವಿಶ್ರಾಂತಿಯನ್ನು ಹಣ ತೆತ್ತು ಪಡೆಯಬಹುದು. ಮಿಕ್ಕ ದಿನಗಳಲ್ಲಿ ತಾಯಿಗೆ ಮೊದಲು ಬಡಿಸುವ ಕೈ ಮನೆಯವರದೇ ಆಗಬೇಕು.