ಸೊಪ್ಪಿನ ಬೆಟ್ಟದ ಮೇಲೆ ಒಂದು ರಾತ್ರಿ

ಹೋದ ವಾರ ಹಾಕಿದ್ದ ಟೆಂಟಿನ ಫೋಟೊ ನೋಡಿ ಸುಮಾರು ಜನ ಫೋನ್ ಮಾಡಿದ್ರಿ. ಒಬ್ಬರಂತೂ "ಏನ್ರೀ, ಬೇಸಿಗೆ ಭತ್ತ ಗದ್ದೇಲಿ ಬಿಟ್ಟು ಟೂರ್ ಹೊಡೀತಿದೀರಾ" ಅಂತ ಕೇಳೇಬಿಟ್ರು. ಬಿಟ್ಟಿದ್ದು ಎರಡೇ ದಿನ ಮಾರಾಯ್ರೆ. ಎರಡನೇ ಕಳೆ ತೆಗೆಸಿ, ಮೇಲುಗೊಬ್ಬರ ಕೊಟ್ಟು, ನೀರು ಕಟ್ಟೋ ಕೆಲಸ ತಮ್ಮನಿಗೆ ವಹಿಸಿ ಹೋಗಿದ್ದೆ. ಫೋಟೊ ಜೊತೆ ಎರಡು ಸಾಲು ಬರೆದು ಮುಗಿಸೋಣ ಅಂತಿದ್ದೆ. ಆದರೆ ಆ ರಾತ್ರಿ ಕೇಳಿದ್ದು ಎರಡು ಸಾಲಲ್ಲಿ ಹೇಳೋಕೆ ಆಗಲ್ಲ. ಪುರುಸೊತ್ತಿದ್ದಾಗ ಓದಿ.

ಹೋಗಿದ್ದು ಸಾಗರ ತಾಲ್ಲೂಕಿನ ಹೊನ್ನೇಮರಡುಗೆ. ಶರಾವತಿ ಹಿನ್ನೀರು. ಅಲ್ಲಿ ಬಹಳ ವರ್ಷದಿಂದ ತೆಪ್ಪ, ದೋಣಿ ನಡೆಸೋದು ಕಲಿಸಿ, ನೀರಿನ ನಡುವಿನ ದ್ವೀಪದಲ್ಲಿ ಒಂದು ರಾತ್ರಿ ಇರಿಸಿ ಕರ್ಕೊಂಡು ಬರ್ತಾರೆ. ಮಗಳು ಕಾಲೇಜಿನ ಗೆಳತಿಯರ ಜೊತೆ ಹೋಗೋಕೆ ಹೆಸರು ಕೊಟ್ಟಿದ್ದಳು. ಮೂರು ಜಾಗ ಖಾಲಿ ಉಳೀತು, "ಅಪ್ಪಾ ನೀವೂ ಬನ್ನಿ" ಅಂದಳು. ಈ ವಿಷಯ ಪಕ್ಕದ ತೋಟದ ಅಜ್ಜನ ಕಿವಿಗೆ ಬಿತ್ತು. ಅಜ್ಜನಿಗೆ ಎಪ್ಪತ್ತು ದಾಟಿದೆ. ಸಂಜೆ ಬೇಲಿ ಹತ್ರ ಬಂದು ನಿಂತು, "ತಮ್ಮಾ, ನಾನೂ ಬರ್ಲಾ?" ಅಂದ್ರು. ನಾನು ತಮಾಷೆಗೆ ಕೇಳ್ತಿದಾರೆ ಅಂದ್ಕೊಂಡೆ. "ನಾ ಹುಟ್ಟಿದ್ದು ಆ ನೀರಿನಡಿ ಮಾರಾಯ. ಬಿಟ್ಟು ಬಂದ್ಮೇಲೆ ಒಂದ್ಸಲನೂ ಹೋಗ್ಲಿಲ್ಲ" ಅಂದ್ರು. ಮೂವತ್ತು ವರ್ಷದಿಂದ ಬೇಲಿ ಆಚೆ ಈಚೆ ಇದೀವಿ. ಅವರು ಮುಳುಗಡೆಯವರು ಅಂತ ಗೊತ್ತಿತ್ತು. ಯಾವ ಊರು, ಹೇಗೆ ಬಂದ್ರಿ ಅಂತ ನಾನು ಕೇಳಿರಲೇ ಇಲ್ಲ.

ಹಂಗಾಗಿ ಆರು ಜನ ಆದ್ವಿ. ಮಗಳು, ಅವಳ ಗೆಳತಿಯರಿಬ್ಬರು, ನಾನು, ಅಜ್ಜ, ಅಜ್ಜನ ಮೊಮ್ಮಗ. ಭದ್ರಾವತಿಯಲ್ಲಿ ಬೆಳಗಿನ ಜಾವದ ತಾಳಗುಪ್ಪ ರೈಲು ಹತ್ತಿ ಹೋದ್ವಿ. ಕಾರಿಗಿಂತ ಇದೇ ಆರಾಮ. ತಾಳಗುಪ್ಪದಿಂದ ಆಟೊ, ಕೊನೆಗೆ ಕಾಡಿನೊಳಗೆ ಕಚ್ಚಾ ರಸ್ತೆ.

ಮೊದಲು ದಡದಲ್ಲೇ ಲೈಫ್ ಜಾಕೆಟ್ ಹಾಕಿಸಿ ನೀರಿಗಿಳಿಸ್ತಾರೆ. ಬಿದ್ದರೆ ಹೆದರದೆ ಅಂಗಾತ ತೇಲೋದು ಹೇಗೆ ಅಂತ ಕಲಿಸಿದ ಮೇಲೇ ತೆಪ್ಪ ಹತ್ತಿಸೋದು. ನಾಲೆಯಲ್ಲಿ ಈಜಿ ಬೆಳೆದವನು ನಾನು, ನನಗೇನು ಹೇಳಿಕೊಡೋದು ಅಂತ ಒಳಗೊಳಗೇ ಜಂಬ ಇತ್ತು. ಹಿನ್ನೀರಿನಲ್ಲಿ ಕಾಲು ಬಿಟ್ಟಾಗ ತಳ ಸಿಗಲಿಲ್ಲ, ಜಂಬ ಅಲ್ಲೇ ಇಳೀತು. ಅಜ್ಜ ಮಾತ್ರ ಜಾಕೆಟ್ ಬಿಗಿಸ್ಕೊಂಡು, "ಎತ್ತಿಗೆ ನೊಗ ಕಟ್ಟಿದಂಗಾಯ್ತಲ್ಲೋ" ಅಂತ ನಕ್ಕಿದ್ದೇ ನಕ್ಕಿದ್ದು.

ತೆಪ್ಪದಲ್ಲಿ ಹೋಗುವಾಗ ನೀರಿನಿಂದ ಒಣ ಮರದ ಬೊಡ್ಡೆಗಳು ತಲೆ ಎತ್ತಿರೋದು ಕಾಣ್ತವೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅವತ್ತಿಂದ ಮಳೆಗಾಲ ಬಂದ್ರೆ ಮುಳುಗಿ, ಬೇಸಿಗೆ ಬಂದ್ರೆ ಎದ್ದು, ಇನ್ನೂ ಕೊಳೆಯದೆ ನಿಂತಿವೆ. ನೀರಿನ ಮಟ್ಟಕ್ಕೆ ಸರಿಯಾಗಿ ಇರೋ ಬೊಡ್ಡೆ ಕಣ್ಣಿಗೆ ಬೀಳಲ್ಲ, ತೆಪ್ಪಕ್ಕೆ ಅದೇ ಅಪಾಯ. ನಡೆಸ್ತಿದ್ದ ಹುಡುಗ ಅದನ್ನೆಲ್ಲ ನೋಡಿ ನೋಡಿ ಬಳಸಿಕೊಂಡು ಹೋಗ್ತಿದ್ದ.

ದ್ವೀಪ ಅಂದ್ರೆ ದೊಡ್ಡದಲ್ಲ, ಒಂದು ಗುಡ್ಡದ ನೆತ್ತಿ. ಸುತ್ತ ಬೋಳು ಕೆಂಪು ಮಣ್ಣು, ಮೇಲೆ ಒಂದಿಷ್ಟು ಮರ, ಒಣಗಿದ ಕರಡ. ಒಂದು ಸುತ್ತು ನಡೆದು ಬರೋಣ ಅಂತ ಹೊರಟ್ವಿ. ನೀರಿನಂಚಲ್ಲಿ ಮೀನಿನ ಮುಳ್ಳು, ಹುರುಪೆ ತುಂಬಿದ ಹಿಕ್ಕೆ ಬಿದ್ದಿತ್ತು. ನೀರುನಾಯಿದು ಅಂತ ಆ ಹುಡುಗ ಹೇಳಿದ. ಬೊಡ್ಡೆಗಳ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸ್ಕೊಳ್ತಿದ್ವು. ನಾವು ಒಂದು ಸಮತಟ್ಟು ಜಾಗ ಆರಿಸಿದ್ವಿ. ಪೂರ್ವದ ಕಡೆಯ ಇಳಿಜಾರು, ಗಾಳಿಗೆ ಮರೆ, ಟೆಂಟಿಗೆ ಹೇಳಿ ಮಾಡಿಸಿದಂಗಿತ್ತು. ಚೀಲ ಇಳಿಸೋ ಹೊತ್ತಿಗೆ ಟಿಟ್ಟಿಭದ ಜೋಡಿಯೊಂದು ತಲೆ ಮೇಲೆ ಎರಗಿ ಕಿರುಚೋಕೆ ಶುರು. ನಮ್ಮ ಗದ್ದೆ ಬಯಲಲ್ಲಿ ರಾತ್ರಿ ಹೊತ್ತು ಕೂಗೋ ಟಿಟ್ಟಿವಕ್ಕೀನೇ. ನಿಂತಲ್ಲೇ ನಿಂತು ನೆಲ ನೋಡಿದ್ವಿ. ನನ್ನ ಕಾಲಿಂದ ಎರಡು ಮಾರು ದೂರ, ಬರೀ ನೆಲದ ಮೇಲೆ, ಹರಳುಕಲ್ಲಿನ ಮಧ್ಯೆ ನಾಲ್ಕು ಮೊಟ್ಟೆ. ಗೂಡು ಅಂತ ಏನೂ ಇಲ್ಲ. ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸವೇ ಗೊತ್ತಾಗಲ್ಲ.

ಜಾಗ ಖಾಲಿ ಮಾಡಿದ್ವಿ. ಉಳಿದಿದ್ದು ಪಡುವಣದ ಕಡೆ ಬೆನ್ನು, ಪೂರಾ ಬಯಲು. ಅಲ್ಲಿ ಗಾಳಿ ಅಂದ್ರೆ ಏನು ಅಂತ ಗೊತ್ತಾಯ್ತು. ನಮ್ಮ ಜನ್ನಾಪುರ ಕಡೆ ಗಾಳಿ ಬಂದ್ರೆ ತೋಟ, ಮನೆ, ತೆಂಗು ಎಲ್ಲ ಅಡ್ಡ ಇರ್ತವೆ. ಇಲ್ಲಿ ಅಷ್ಟುದ್ದ ನೀರಿನ ಮೇಲೆ ತಡೆಯೋರೇ ಇಲ್ಲದೆ ಓಡಿ ಬಂದು ನೇರ ಎದೆಗೆ ಗುದ್ದತ್ತೆ. ನೆಲ ಜಂಬಿಟ್ಟಿಗೆ, ಟೆಂಟಿನ ಕಬ್ಬಿಣದ ಗೂಟ ಎರಡಿಂಚು ಇಳಿದು ಬಾಗಿ ನಿಂತ್ವು. ಸೂರ್ಯ ಮುಳುಗೋ ಹೊತ್ತಿಗೆ ಒಂದು ಟೆಂಟು ಗೂಟ ಕಿತ್ಕೊಂಡು ಉರುಳಿ ಉರುಳಿ ನೀರಿನ ಕಡೆ ಹೊರಟಿತ್ತು. ಹುಡುಗೀರು ಓಡಿ ಹಿಡಿದ್ರು. ಹೋಗೋರಿದ್ರೆ ನೆನಪಿಟ್ಕೊಳ್ಳಿ, ಆ ನೆಲಕ್ಕೆ ಗೂಟ ನಂಬಬೇಡಿ. ಹಗ್ಗಕ್ಕೆ ದಪ್ಪ ಕಲ್ಲು ಕಟ್ಟಿ, ಟೆಂಟಿನೊಳಗೂ ನಾಲ್ಕು ಮೂಲೆಗೆ ಕಲ್ಲಿಡಿ. ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ. ಮತ್ತೆ, ಅಲ್ಲಿ ಅನುಮತಿ ಇಲ್ಲದೆ ಯಾರೋ ಮೀನು ದೋಣಿ ಹಿಡಿದು ದ್ವೀಪಕ್ಕೆ ಹೋಗಿ ರಾತ್ರಿ ಇರೋದು ಬೇಡವೇ ಬೇಡ.

ಬೆಂಕಿ ಹಾಕಲಿಲ್ಲ. ಆ ಗಾಳಿಗೆ, ಆ ಒಣ ಕರಡಕ್ಕೆ ಒಂದು ಕಿಡಿ ಸಾಕು. ಮನೆಯಿಂದ ತಂದ ರೊಟ್ಟಿ, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ತಿಂದು ಕೂತ್ವಿ.

ಆಗ ಅಜ್ಜ ಮಾತಾಡೋಕೆ ಶುರು ಮಾಡಿದ್ರು. ಯಾರೂ ಕೇಳಿರಲಿಲ್ಲ.

"ಇದು ದ್ವೀಪ ಅಲ್ಲ ಕಣೋ. ಇದು ನಮ್ಮ ಸೊಪ್ಪಿನ ಬೆಟ್ಟ."

ನಮ್ಮಲ್ಲಿ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಸಾಗರ, ಹೊಸನಗರ ಕಡೆ ತೋಟಕ್ಕೆ ಇಂತಿಷ್ಟು ಬೆಟ್ಟ ಅಂತ ಬಿಟ್ಟಿರ್ತಾರೆ, ಹಸಿರು ಸೊಪ್ಪು, ದರಗು ತಂದು ಬುಡಕ್ಕೆ ಹಾಕೋಕೆ. ದನ ಮೇಯಿಸೋ ಹುಲ್ಲುಗಾವಲಿಗೆ ಬ್ಯಾಣ ಅಂತಾರೆ. ಅಜ್ಜ ಕತ್ತಲಲ್ಲೇ ಕೈ ತೋರಿಸ್ತಾ ಇಳಿದ್ರು. ಬೆಟ್ಟದ ಕೆಳಗೆ ಬ್ಯಾಣ. ಬ್ಯಾಣದ ಕೆಳಗೆ ಮಕ್ಕಿ ಗದ್ದೆ, ಅಂದ್ರೆ ಮಳೆ ನೀರಲ್ಲೇ ಬೆಳೆಯೋ ಮೇಲಿನ ಗದ್ದೆ. ಲಿಂಗನಮಕ್ಕಿ ಅನ್ನೋ ಹೆಸರಲ್ಲಿರೋದೂ ಅದೇ ಮಕ್ಕಿ. ಅದರ ಕೆಳಗೆ ಮನೆ, ಅಂಗಳ, ಅಡಿಕೆ ತೋಟ. ಆಮೇಲೆ ಬೈಲು ಗದ್ದೆ. ಎಲ್ಲಕ್ಕಿಂತ ಕೆಳಗೆ ಹೊಳೆ. ಅವರು ಹೇಳ್ತಾ ಹೋದ ಹಾಗೆ ನಾನು ಕೂತಿದ್ದ ಜಾಗ ಎತ್ತರ ಆಗ್ತಾ ಹೋಯ್ತು. ಅಲ್ಲೀತನಕ ನೀರಿನ ಮೇಲಿದೀನಿ ಅಂದ್ಕೊಂಡಿದ್ದೆ.

"ನಮ್ಮಪ್ಪ ಎರಡು ಸಲ ಮನೆ ಕಿತ್ತ" ಅಂದ್ರು. ಲಿಂಗನಮಕ್ಕಿಗೆ ಮುಂಚೆಯೇ ಮಡೆನೂರಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ರಲ್ಲ, ಜೋಗದ ಮೊದಲ ವಿದ್ಯುತ್ ಕೇಂದ್ರಕ್ಕೆ. ಆ ನೀರು ಬಂದಾಗ ಅವರಪ್ಪ ಕೆಳಗಿನ ಮನೆ ಬಿಟ್ಟು ಮೇಲೆ ಬಂದು ಕಟ್ಟಿದ್ರು. ಹೊಸ ತೋಟ ಹಾಕಿ, ಅಡಿಕೆ ಫಸಲಿಗೆ ಬಂದು ನಾಲ್ಕು ವರ್ಷ ಕೊಯ್ಯೋ ಹೊತ್ತಿಗೆ ಎರಡನೇ ಅಣೆಕಟ್ಟಿನ ನೋಟಿಸ್ ಬಂತು. ಈಗ ಆ ಹಳೇ ಅಣೆಕಟ್ಟೇ ಲಿಂಗನಮಕ್ಕಿ ನೀರಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಎದ್ದು ಕಾಣತ್ತೆ, ಜನ ಹೋಗಿ ಫೋಟೊ ತೆಕ್ಕೊಂಡು ಬರ್ತಾರೆ.

ಎರಡನೇ ಸಲ ಲಾರಿ ಬಂತು. ಹಂಚು, ಪಕಾಸಿ, ಬಾಗಿಲು, ಕಿಟಕಿ, ಎರಡು ಎಮ್ಮೆ. ಅಜ್ಜನಿಗೆ ಆಗ ಎಂಟೋ ಒಂಬತ್ತೋ. ಇಳಿಸಿದ್ದು ನಮ್ಮ ತಾಲ್ಲೂಕಿನ ಕಾಡಲ್ಲಿ. ಕಡಿದು, ಬೇರು ಕಿತ್ತು, ಜ್ವರ ಬಂದು ಸತ್ತವರನ್ನ ಹೂಳಿ, ಗದ್ದೆ ಮಾಡಿದ್ರು. ಶರಾವತಿ ವಿದ್ಯುದಾಗಾರ 1,035 ಮೆಗಾವಾಟ್‌ದು. "ಅಪ್ಪ ಸಾಯೋತನಕ ನಮ್ಮನೆಗೆ ಕರೆಂಟ್ ಬಂದಿರ್ಲಿಲ್ಲ" ಅಂತ ಅಜ್ಜ ಹೇಳಿದ್ದು ಬೇಜಾರಲ್ಲೂ ಅಲ್ಲ, ಸುಮ್ನೆ ಲೆಕ್ಕ ಒಪ್ಪಿಸಿದ ಹಂಗೆ. ಆ ಜಮೀನಿನ ಹಕ್ಕುಪತ್ರದ ಗಲಾಟೆ ಇನ್ನೂ ಮುಗಿದಿಲ್ಲ. ಅರವತ್ತು ವರ್ಷ ಉತ್ತ ನೆಲ, ಇವತ್ತಿಗೂ ಪಹಣಿ ತೆಗೆದ್ರೆ ಅರಣ್ಯ. ಮುಳುಗಡೆ ಕುಟುಂಬಗಳು ನಮ್ಮ ಸುತ್ತ ಎಷ್ಟಿವೆ, ನಿಮಗೇ ಗೊತ್ತು. ಎಲ್ಲರ ಮನೇಲೂ ಪ್ಲಾಸ್ಟಿಕ್ ಕವರಲ್ಲಿ ಒಂದು ಹಳೇ ಕಾಗದ ಇರತ್ತೆ. ಅಜ್ಜ ಅದನ್ನ ಟೆಂಟಿಗೂ ತಂದಿದ್ರು!

ಊರು ಬಿಡದೆ ನೀರಿನಾಚೆ ಉಳಿದವರ ಕಥೆಯೂ ಸುಲಭದ್ದಲ್ಲ. ತುಮರಿ ಕಡೆ, ಕರೂರು–ಬಾರಂಗಿ ಹೋಬಳಿಯವರು ಆಸ್ಪತ್ರೆಗೆ, ಕಾಲೇಜಿಗೆ ಲಾಂಚಿಗೆ ಕಾದೂ ಕಾದೂ ಒಂದು ತಲೆಮಾರೇ ಕಳೀತು. ಸಿಗಂದೂರು ಸೇತುವೆ ಆಗಿದ್ದು 2025ರ ಜುಲೈನಲ್ಲಿ. ಅಲ್ಲೀತನಕ ತಮ್ಮ ಊರನ್ನ ಅವರೇ ದ್ವೀಪ ಅಂತ ಕರೀತಿದ್ರು.

ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಟೆಂಟಿನ ಬಟ್ಟೆ ಪಟಪಟ ಹೊಡ್ಕೊಳ್ತಾನೇ ಇತ್ತು, ಟಿಟ್ಟಿಭ ಆಗಾಗ ಕೂಗ್ತಿತ್ತು. ಅಜ್ಜ ಟೆಂಟೇ ಬೇಡ ಅಂತ ಒಂದು ಬಂಡೆ ಮರೆಯಲ್ಲಿ ಕಂಬಳಿ ಹೊದ್ದು ಮಲಗಿ ಗೊರಕೆ ಹೊಡೀತಿದ್ರು. ಚೆನ್ನಾಗಿ ಮಲಗಿದ್ದು ಅವರೊಬ್ಬರೇ.

ಮಲಗಿದಲ್ಲೇ ನನಗೆ ನಮ್ಮ ಭದ್ರಾ ನೆನಪಾಯ್ತು. ಎರಡು ವರ್ಷದ ಹಿಂದೆ ಲಕ್ಕವಳ್ಳಿಯಿಂದ ದೋಣಿಯಲ್ಲಿ ಹೋದಾಗ ಡ್ಯಾಮಿನ ಹಿನ್ನೀರಿನ ದಿಬ್ಬಗಳ ಮೇಲೆ ರಿವರ್ ಟರ್ನ್ ಹಕ್ಕಿ ನೋಡಿದ್ದೆ. ಹಳದಿ ಕೊಕ್ಕು, ಕರಿ ಟೋಪಿ, ಕವಲು ಬಾಲ. ಸಾವಿರಗಟ್ಟಲೆ ಇರ್ತವೆ. ದೂರದಿಂದಲೇ ನೋಡಬೇಕು, ಅದು ಹುಲಿ ಮೀಸಲು ಪ್ರದೇಶ, ಇಳಿಯೋ ಹಂಗಿಲ್ಲ. ಅವೂ ಟಿಟ್ಟಿಭದ ಹಾಗೇ ಬರೀ ನೆಲದ ಮೇಲೆ ಎರಡೋ ಮೂರೋ ಮೊಟ್ಟೆ ಇಡ್ತವೆ. ಬಿಸಿಲಿಗೆ ಕಲ್ಲು ಕಾದಾಗ ತಾಯಿ ಹಕ್ಕಿ ಹಾರಿ ಹೋಗಿ ಹೊಟ್ಟೆ ನೀರಿಗದ್ದಿ ಬಂದು ಮೊಟ್ಟೆ ಮೇಲೆ ಕೂರತ್ತೆ. ಪ್ರಪಂಚದಲ್ಲೇ ಕಮ್ಮಿ ಆಗ್ತಿರೋ ಹಕ್ಕಿ ಅಂತ ಅಪಾಯದ ಪಟ್ಟಿಯಲ್ಲಿದೆ.

ಆ ದಿಬ್ಬ ಎದ್ದು ಕಾಣೋದು ಯಾವಾಗ? ನಾವು ಬೇಸಿಗೆ ಬೆಳೆಗೆ ನಾಲೆಗೆ ನೀರು ಬಿಡಿಸ್ಕೊಂಡಾಗ. 186 ಅಡಿ ತುಂಬಿದ ಡ್ಯಾಮು ಇಳಿದ ಹಾಗೆ ಗುಡ್ಡದ ನೆತ್ತಿಗಳು ಮೇಲೆ ಬರ್ತವೆ, ಹಕ್ಕಿ ಮೊಟ್ಟೆ ಇಡ್ತವೆ. ನಮ್ಮ ಭತ್ತದಿಂದಲೇ ಅವಕ್ಕೆ ಜಾಗ. ಖುಷಿ ಪಡೋ ವಿಷಯವೇ. ಆದರೆ ನೀರು ತೀರಾ ಇಳಿದ್ರೆ ದಿಬ್ಬ ದಡಕ್ಕೆ ಕೂಡ್ಕೊಳತ್ತೆ, ನರಿ ನಾಯಿ ನಡ್ಕೊಂಡೇ ಹೋಗಿ ಮೊಟ್ಟೆ ತಿನ್ನಬಹುದು. ಮಳೆ ಬೇಗ ಬಂದು ನೀರೇರಿದ್ರೆ ಹಾರಲಾರದ ಮರಿ ಮುಳುಗ್ತವೆ. ನಾಲೆಗೆ ಇನ್ನೂ ಹತ್ತು ದಿನ ಜಾಸ್ತಿ ನೀರು ಕೊಡಿ ಅಂತ ಕೂಗೋದ್ರಲ್ಲಿ ನಾನು ಮುಂದಿನ ಸಾಲಿನವನು. ಆ ಹತ್ತು ದಿನಕ್ಕೆ ಡ್ಯಾಮಲ್ಲಿ ಎಷ್ಟಡಿ ಇಳೀತದೆ, ಅದರಲ್ಲಿ ಯಾರಿದ್ದಾರೆ ಅಂತ ಯೋಚನೆ ಮಾಡಿದವನಲ್ಲ. ನೀರು ಕೇಳಬೇಡಿ ಅಂತ ಹೇಳೋಕೆ ಇದನ್ನ ಬರೀತಿಲ್ಲ. ನನಗೂ ಬೇಕು, ಕೊನೆ ನೀರು ಸಿಗದೆ ಕಾಳು ಜೊಳ್ಳಾದ ವರ್ಷ ನಾನೂ ಕಂಡಿದೀನಿ. ಆದರೆ ನಮ್ಮ ಭದ್ರಾದ 186 ಅಡಿ ಕೆಳಗೂ ಒಬ್ಬ ಅಜ್ಜನ ಮಕ್ಕಿ ಗದ್ದೆ ಇರತ್ತಲ್ಲ, ಅದು ಆ ರಾತ್ರಿ ತಲೆಯಿಂದ ಹೋಗಲಿಲ್ಲ.

ಬೆಳಗಾಗೋ ಹೊತ್ತಿಗೆ ಗಾಳಿ ಪೂರ್ತಿ ನಿಂತಿತ್ತು. ನೀರು ಕನ್ನಡಿ. ಅಜ್ಜ ಆಗಲೇ ಎದ್ದು ನೀರಿನಂಚಲ್ಲಿ ನಿಂತಿದ್ರು. ಹೋಗಿ ಪಕ್ಕ ನಿಂತೆ. ಎಷ್ಟೋ ಹೊತ್ತಾದ ಮೇಲೆ ಎದುರಿನ ಇನ್ನೊಂದು ಗುಡ್ಡ ತೋರಿಸಿ, "ಇದಲ್ಲ ಅನ್ಸ್ತದೆ ತಮ್ಮಾ. ಅದಿರಬೇಕು. ಬೆಳಕಲ್ಲಿ ನೋಡಿದ್ರೆ ಹೊಳೆ ತಿರುವು ಹೊಂದ್ತಿಲ್ಲ" ಅಂದ್ರು. ಮೊಮ್ಮಗ ಮೊಬೈಲಲ್ಲಿ ಮ್ಯಾಪ್ ತೆಗೆದು ಅಜ್ಜನ ಊರಿನ ಹೆಸರು ಹಾಕಿದ. ಬಂದಿದ್ದು ಬರೀ ನೀಲಿ.

ಟೆಂಟು ಮಡಚಿ, ಕಸ ಎಲ್ಲ ಚೀಲಕ್ಕೆ ತುಂಬಿ ಹೊರಟ್ವಿ. ಟಿಟ್ಟಿಭ ಮೊಟ್ಟೆ ಮೇಲೆ ಕೂತಿತ್ತು, ದೂರದಿಂದ ಸುತ್ತು ಹಾಕಿದ್ದಕ್ಕೆ ಈ ಸಲ ಕೂಗಲಿಲ್ಲ. ತೆಪ್ಪ ಹತ್ತುವಾಗ ಅಜ್ಜ ಒಂದು ಹಿಡಿ ದರಗು ಎತ್ಕೊಂಡು ಮೂಸಿ ನೋಡಿ ಅಲ್ಲೇ ಹಾಕಿದ್ರು.

ಊರಿಗೆ ಬಂದ್ರೆ ತಮ್ಮ ಕೆಳಗಿನ ಗದ್ದೆಗೆ ಒಂದಡಿ ನೀರು ನಿಲ್ಲಿಸಿದ್ದ. ಅದು ಬೇರೆ ಕಥೆ.

ಈಗ ಅಜ್ಜ ದಿನಾ ಬೆಳಿಗ್ಗೆ ಪೇಪರ್ ತಂದು ನನ್ನ ಹತ್ರ ಜಲಾಶಯ ಮಟ್ಟ ಓದಿಸ್ತಾರೆ. ಮೊದಲೆಲ್ಲ ನಮ್ಮ ಭದ್ರಾ ಎಷ್ಟು ಅಂತ ಮಾತ್ರ ಕೇಳ್ತಿದ್ರು. ಈಗ ಮೊದಲು ಲಿಂಗನಮಕ್ಕಿ. ತುಂಬಿದ್ರೆ 1,819 ಅಡಿ. ಮೇ ಕೊನೆಗೆ ಇನ್ನೂ ಇಳೀತದೆ, ಆಗ ಎದುರಿನ ಗುಡ್ಡಕ್ಕೆ ಹೋಗೋಣ, ಮಕ್ಕಿ ಗದ್ದೆ ಅಂಚು ಕಂಡ್ರೂ ಸಾಕು ಅಂತಾರೆ. ಆಯ್ತು ಅಂದಿದೀನಿ. ಅದಕ್ಕೆ ಮುಂಚೆ ನಮ್ಮ ಕಟಾವು ಮುಗೀಬೇಕು. ಮೇ ಎರಡನೇ ವಾರಕ್ಕೆ ಕಟಾವು ಮಷಿನ್ ಯಾರ ಹತ್ರ ಖಾಲಿ ಇದೆ, ಗೊತ್ತಿದ್ದವರು ತಿಳಿಸಿ.