ಸರಪಳಿ ಬುಟ್ಟಿ ಮತ್ತು ಸೂಟ್‌ಕೇಸಿನ ತಳದ ಪತ್ರ

ಅಮ್ಮ ಅದನ್ನು ಮೊದಲ ದಿನ ನೋಡಿ, 'ಇದೇನೋ, ಕೋಳಿ ಮುಚ್ಚೋ ಬುಟ್ಟಿನ ಕಂಬಕ್ಕೆ ಸಿಗಿಸಿದಾರಲ್ಲ' ಅಂದಳು. ಸ್ಯಾನ್ ಹೋಸೆಯ ಹೆಲಿಯರ್ ಪಾರ್ಕಿನ ಹುಲ್ಲಿನ ನಡುವೆ ಎದೆಮಟ್ಟದ ಕಬ್ಬಿಣದ ಕಂಬ, ಮೇಲಿನಿಂದ ಇಳಿಬಿದ್ದ ಸರಪಳಿಗಳು, ಕೆಳಗೆ ತಂತಿಯ ಬುಟ್ಟಿ. ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಾವು ಅಲ್ಲಿಗೆ ಹೋಗಿದ್ದು ಅಕ್ಕನ ಎರಡನೇ ಬಾಣಂತನಕ್ಕೆ. ಅಮ್ಮನಿಗೆ ಒಬ್ಬಳೇ ವಿಮಾನ ಹತ್ತಲು ಭಯ. ಜೊತೆಗೆ ಹೋಗುವವನಿಗೆ ಹಾಜರಿ ಪುಸ್ತಕವೂ ಇಲ್ಲ, ರಜೆ ಕೊಡುವ ಮೇಲಧಿಕಾರಿಯೂ ಇಲ್ಲ. ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು ಎಂದು ದುಡಿಯುವ ಸ್ಟ್ರಿಂಗರ್‌ಗೆ ಸಿಗುವ ಏಕೈಕ ಸೌಲಭ್ಯ ಅದು. ಟಿಕೆಟ್ ದುಡ್ಡು ಅಕ್ಕನದು. (ವರದಿಯಲ್ಲಿ 'ನಾನು' ಬರಬಾರದು ಎಂದು ಡಿಪ್ಲೊಮಾದಲ್ಲಿ ಮೇಷ್ಟ್ರು ತಲೆಗೆ ಹಾಕಿದ್ದು ಇನ್ನೂ ಇಳಿದಿಲ್ಲ, ಬ್ಯಾಚಿನವರು ಕ್ಷಮಿಸಬೇಕು.)

ಭಾವ ಶನಿವಾರ ಭಾನುವಾರ ಬೆಳಿಗ್ಗೆ ಈ ಪಾರ್ಕಿಗೆ ಬರುತ್ತಾರೆ. ಆಟದ ಹೆಸರು ಡಿಸ್ಕ್ ಗಾಲ್ಫ್. ಗಾಲ್ಫ್ ಎಂದ ಕೂಡಲೇ ನಮ್ಮ ತಲೆಗೆ ಬಂದದ್ದು ಗೇಟು, ಕಾವಲುಗಾರ, ಬಿಳಿ ಟೋಪಿ. ಇಲ್ಲಿ ಅಂಥದ್ದೇನೂ ಕಾಣಲಿಲ್ಲ. ಒಂದು ಕಡೆ 101 ಹೆದ್ದಾರಿಯ ನಿಲ್ಲದ ಸದ್ದು, ಇನ್ನೊಂದು ಕಡೆ ಕಯೋಟಿ ಹಳ್ಳ, ಅದರ ಪಕ್ಕ ಸೈಕಲ್ ದಾರಿ. ಜೂನ್ ತಿಂಗಳಿಗೇ ಗುಡ್ಡಗಳ ಹುಲ್ಲು ಒಣಗಿ ರಾಗಿ ಕೊಯ್ದ ಹೊಲದ ಬಣ್ಣಕ್ಕೆ ತಿರುಗಿತ್ತು. ಆಟಕ್ಕೆಂದು ಯಾರೂ ಟಿಕೆಟ್ ಹರಿಯಲಿಲ್ಲ. ಮೈತುಂಬ ಹಚ್ಚೆ ಹಾಕಿಸಿಕೊಂಡ ಹುಡುಗರು, ಮೊಮ್ಮಗನನ್ನು ಕರೆತಂದ ಅಜ್ಜ, ರಾತ್ರಿ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದ ನರ್ಸಮ್ಮ, ಎಲ್ಲರ ಹೆಗಲಿಗೂ ಒಂದು ಚೀಲ. ಚೀಲದಲ್ಲಿ ಊಟದ ತಟ್ಟೆಗಿಂತ ಚಿಕ್ಕದಾದ, ಅಂಚು ತೆಳುವಾದ ಪ್ಲಾಸ್ಟಿಕ್ ಬಿಲ್ಲೆಗಳು. ದೂರಕ್ಕೆ ಎಸೆಯಲು ಒಂದು, ನಡುವಿನ ದೂರಕ್ಕೆ ಒಂದು, ಬುಟ್ಟಿಗೆ ಹಾಕಲು ಒಂದು. ತೂಕ 170 ಗ್ರಾಂ ಆಸುಪಾಸು.

ಇದರ ಹಿಂದಿರುವ ಮನುಷ್ಯನ ಕಥೆ ಚೆನ್ನಾಗಿದೆ. ಎಡ್ ಹೆಡ್ರಿಕ್ ಎಂಬಾತ ಫ್ರಿಸ್ಬೀ ಮಾರುವ ಕಂಪನಿಯಲ್ಲಿದ್ದವನು. ಮೊದಲ ಕಾಯಂ ಡಿಸ್ಕ್ ಗಾಲ್ಫ್ ಮೈದಾನ ಮಾಡಿದ್ದು ಇದೇ ಕ್ಯಾಲಿಫೋರ್ನಿಯದ ಓಕ್ ಗ್ರೋವ್ ಪಾರ್ಕಿನಲ್ಲಿ, 1975ರಲ್ಲಿ. ಆಗ ಬುಟ್ಟಿ ಇರಲಿಲ್ಲ, ಬರೀ ಕಂಬ. ಬಿಲ್ಲೆ ಕಂಬಕ್ಕೆ ತಾಗಿತೋ ಇಲ್ಲವೋ ಎಂದು ಜಗಳ ಬರುತ್ತಿತ್ತಂತೆ. ಸರಪಳಿ ತೂಗುಹಾಕಿ ಬುಟ್ಟಿ ಜೋಡಿಸಿ ಪೇಟೆಂಟ್ ಪಡೆದವನೂ ಅವನೇ. ಸರಪಳಿ ಬಿಲ್ಲೆಯನ್ನು ತಡೆಯಬೇಕು, ಬಿಲ್ಲೆ ಬುಟ್ಟಿಯಲ್ಲಿ ಕೂರಬೇಕು, ಆಗ ತಕರಾರಿಲ್ಲ. 2002ರಲ್ಲಿ ತೀರಿಕೊಂಡ ಮೇಲೆ ಅವನ ಆಸೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಬಿಲ್ಲೆಗಳನ್ನೇ ಮಾಡಿದರು. ಇದನ್ನು ಕೇಳಿ ಅಮ್ಮ, 'ಕಾವೇರಿಗೆ ಬಿಡೋದು ಬಿಟ್ಟು ಇದೇನು ಗಾಳಿಗೆ ಬಿಡೋದು' ಎಂದು ಬಹಳ ಹೊತ್ತು ಯೋಚಿಸಿದಳು.

ಮೊದಲ ಬುಟ್ಟಿ ಸುಮಾರು 200 ಅಡಿ ದೂರ. ಗುಂಟೆಯ ಒಂದು ಬದಿ 33 ಅಡಿಯಾದರೆ, ಆರು ಗುಂಟೆ ಉದ್ದ. ಅಷ್ಟು ದೂರ ಕಲ್ಲು ಬೀಸಿ ಮಂಗ ಓಡಿಸಿದವರಿಗೆ ಇದೇನು ಮಹಾ ಎಂದು ಬೀಸಿದೆವು. ಬಿಲ್ಲೆ ನೆಟ್ಟಗೆ ಹೋದಂತೆ ಮಾಡಿ ಎಡಕ್ಕೆ ವಾಲಿ ಪೊದೆ ಸೇರಿತು. ಬಲಗೈಯವರು ಹೊರಮುಖವಾಗಿ ಬೀಸಿದರೆ ವೇಗ ಕುಂದುತ್ತಿದ್ದಂತೆ ಅದು ಎಡಕ್ಕೇ ಜಾರುತ್ತದೆ, ಮೊದಲೇ ಬಲಕ್ಕೆ ಗುರಿ ಇಡಬೇಕು ಎಂದು ಭಾವ ಹೇಳಿಕೊಟ್ಟರು. ತೋಳಿನ ಬಲ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸೊಂಟ ತಿರುಗಬೇಕು, ಮಣಿಕಟ್ಟು ಚುರುಕಾಗಿ ಬಿಡಿಸಿಕೊಳ್ಳಬೇಕು. ಎರಡು ವಾರ ನಮ್ಮ ಬಿಲ್ಲೆಗಳನ್ನು ಹುಡುಕಿದ್ದೇ ಹೆಚ್ಚು. ಒಮ್ಮೆ ಯಾರೋ ಅಪರಿಚಿತರು ಫೋನ್ ಮಾಡಿ, ನಿಮ್ಮ ಕೆಂಪು ಬಿಲ್ಲೆ ಸಿಕ್ಕಿದೆ ಎಂದರು. ಬಿಲ್ಲೆಯ ಹಿಂದೆ ಎಲ್ಲರೂ ಹೆಸರು, ನಂಬರ್ ಬರೆದಿರುತ್ತಾರೆ.

ನಮಗೆ ಹಿಡಿಸಿದ್ದೂ, ಆಮೇಲೆ ಚುಚ್ಚಿದ್ದೂ ಲೆಕ್ಕ ಇಡುವ ರೀತಿ. ಅಂಪೈರ್ ಇಲ್ಲ. ಬುಟ್ಟಿಗೆ ದೂರದಲ್ಲಿ ಇರುವವನು ಮೊದಲು ಎಸೆಯಬೇಕು, ಉಳಿದವರು ಸುಮ್ಮನಿರಬೇಕು. ಬುಟ್ಟಿಗೆ ಬಿದ್ದ ಮೇಲೆ ಅವರವರ ಎಸೆತ ಅವರವರೇ ಹೇಳುವುದು, ಒಬ್ಬ ಬರೆದುಕೊಳ್ಳುವುದು.

ಈಗ ಸೂಟ್‌ಕೇಸಿನ ವಿಷಯ. ಅಪ್ಪ ಹೋಗಿ ಮೂರು ವರ್ಷ. ಚನ್ನಗಿರಿ ಹತ್ತಿರ ಎರಡೆಕರೆ ಹದಿನಾಲ್ಕು ಗುಂಟೆ ಅಡಿಕೆ ತೋಟ, ಪೌತಿ ಖಾತೆ ಆಗಿಲ್ಲ. ಅಕ್ಕನ ಹೆಸರು ಬರದಂತೆ ಖಾತೆ ಆಗಬೇಕೆಂದರೆ ಹಕ್ಕು ಬಿಡುಗಡೆ ಪತ್ರ ಬೇಕು. ಅವಳು ಬರಲಾಗದಿದ್ದರೆ ಊರಿನಲ್ಲಿ ಯಾರಿಗಾದರೂ ಅಧಿಕಾರ ಪತ್ರ ಕೊಡಬೇಕು, ಅದಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ ಭಾರತೀಯ ಕಾನ್ಸುಲೇಟಿನ ದೃಢೀಕರಣ ಬೇಕು. ಊರಿನ ಪತ್ರ ಬರಹಗಾರರು ಎಲ್ಲ ಟೈಪ್ ಮಾಡಿಸಿ ಕೊಟ್ಟಿದ್ದರು. ಬಾಣಂತಿ ಲೇಹ್ಯ, ಅಂಟಿನುಂಡೆ ಡಬ್ಬಿಗಳ ಕೆಳಗೆ ಆ ಲಕೋಟೆ ಇತ್ತು.

ಇದನ್ನು ಬರೆಯಲು ನಾಚಿಕೆ ಆಗುವುದಕ್ಕೆ ಒಂದು ಕಾರಣವಿದೆ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಮಗಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಪಾಲು, ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು. ಮರುದಿನವೇ ತಾಲ್ಲೂಕಿನ ನಾಲ್ವರು ಹೆಣ್ಣುಮಕ್ಕಳನ್ನು ಮಾತಾಡಿಸಿ ವಿಶೇಷ ವರದಿ ಕಳಿಸಿದ್ದು ನಾವೇ. ಅರಿಶಿನ ಕುಂಕುಮ ಕೊಟ್ಟು ಸಹಿ ಹಾಕಿಸಿಕೊಳ್ಳುವ ಪದ್ಧತಿ ಎಂದೆಲ್ಲ ಬರೆದಿದ್ದೆವು. ಅಕ್ಕ ಅದನ್ನು ವಾಟ್ಸ್ಆ್ಯಪಿನಲ್ಲಿ ಹಂಚಿಕೊಂಡಿದ್ದಳು.

ನಮ್ಮ ವಾದವೂ ಇಲ್ಲದಿಲ್ಲ. ಮೂರು ಬೋರ್ ಕೊರೆಸಿ ಎರಡು ಸುಮ್ಮನೆ ಹೋದವು. ಸೊಸೈಟಿ ಸಾಲ ನಮ್ಮ ಹೆಸರಲ್ಲಿದೆ. ಕೊಳೆರೋಗ ಬಂದ ವರ್ಷ ಮದ್ದು ಹೊಡೆಸಲು ಅಮ್ಮನ ಬಳೆ ಅಡ ಇಟ್ಟೆವು. ಅಕ್ಕ ಆಗ ಇಲ್ಲಿದ್ದಳು. ಹಾಗೆಂದು ನಾವು ನಮಗೆ ನೂರು ಸಲ ಹೇಳಿಕೊಂಡಿದ್ದೇವೆ. ಆದರೂ ಮೂರು ವಾರ ಲಕೋಟೆ ಹೊರಗೆ ಬರಲಿಲ್ಲ. ಮಗುವಿಗೆ ನೀರು ಹಾಕುವ ಹೊತ್ತು, ಅಕ್ಕ ಮಲಗಿದ್ದಾಳೆ, ಇವತ್ತು ಶುಕ್ರವಾರ, ಏನಾದರೊಂದು ನೆಪ.

ನಾಲ್ಕನೇ ಶನಿವಾರ. ಏಳನೇ ಬುಟ್ಟಿಯ ಹತ್ತಿರ ನಮ್ಮ ಬಿಲ್ಲೆ ಪೊದೆಗೆ ನುಗ್ಗಿತು. ಅಲ್ಲಿಂದ ಬೀಸಿದ್ದು ಕೊಂಬೆಗೆ ತಾಗಿ ಕಾಲ ಬುಡದಲ್ಲೇ ಬಿತ್ತು. ಭಾವನಿಗೆ ಕಾಣುವಂತಿರಲಿಲ್ಲ. ಒಟ್ಟು ಐದಾಗಿತ್ತು. 'ಎಷ್ಟಪ್ಪಾ?' ಎಂದರು. ನಾಲ್ಕು ಎಂದೆವು. ಅವರು ಫೋನಿನಲ್ಲಿ ನಾಲ್ಕು ಒತ್ತಿಕೊಂಡರು. ಒಂದು ಮಾತು ಕೇಳಲಿಲ್ಲ.

ಎರಡು ಬುಟ್ಟಿ ದಾಟಿದ ಮೇಲೆ ಭಾವನ ಬಿಲ್ಲೆ ಸೈಕಲ್ ದಾರಿಯ ಅಂಚಿನಲ್ಲಿ ಬಿತ್ತು. ದಾರಿಯಾಚೆ ಬಿದ್ದರೆ ಔಟ್, ಒಂದು ಎಸೆತ ದಂಡ ಎಂದು ಅವರ ಗೆಳೆಯರ ಬಳಗದ ಕಟ್ಟು. ನಾವಿದ್ದ ಕಡೆಯಿಂದ ಅದು ಒಳಗೇ ಇದ್ದಂತಿತ್ತು. ಅವರು ಹತ್ತಿರ ಹೋಗಿ ಬಗ್ಗಿ ನೋಡಿ, 'ಇಲ್ಲ, ಹೊರಗಿದೆ' ಎಂದು ತಮ್ಮ ಲೆಕ್ಕಕ್ಕೆ ಒಂದು ಸೇರಿಸಿಕೊಂಡರು.

ಅಲ್ಲಿಂದ ನಡೆಯುತ್ತಾ, ಮುಖ ನೋಡದೆ, 'ಅದೇನೋ ಪತ್ರ ತಂದಿದೀಯಂತಲ್ಲ' ಎಂದರು.

ಮೊದಲ ವಾರವೇ ಅಕ್ಕ ಲೇಹ್ಯ ಹುಡುಕುವಾಗ ಲಕೋಟೆ ನೋಡಿದ್ದಳಂತೆ. ಓದಿ ಹಾಗೇ ಮಡಚಿಟ್ಟಳಂತೆ. 'ಅವನಾಗಿ ಕೇಳ್ತಾನೆ ತಡಿ ಅಂದಳು. ನಾನು ಮಧ್ಯ ಬರೋನಲ್ಲ, ಅದು ನಿಮ್ಮ ಮನೆ ವಿಷಯ' ಎಂದು ಭಾವ ಬಿಲ್ಲೆಯ ಮಣ್ಣು ಒರೆಸಿದರು. ನಮಗೆ ಬಾಯಿಗೆ ಬಂದದ್ದು ಬೇರೆಯೇ. 'ಏಳನೇದು ಐದು ಭಾವ, ನಾಲ್ಕಲ್ಲ.' ಅವರು ಫೋನ್ ತೆಗೆದು ತಿದ್ದಿದರು.

ರಾತ್ರಿ ಲಕೋಟೆ ಅಡುಗೆಮನೆಯ ಮೇಜಿನ ಮೇಲೆ ಬಂತು. ಅಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೇ ಮಾತಾಡಿದಳು. 'ಫಸಲು ನೀವೇ ತಿನ್ನಿ, ಸಾಲ ತೀರಿಸಿ, ನಾನು ಒಂದು ರೂಪಾಯಿ ಕೇಳಲ್ಲ. ಆದ್ರೆ ಪಹಣಿಲಿ ನನ್ನ ಹೆಸರು ಇರ್ಲಿ. ಅಪ್ಪನ ಮಗಳು ಅಂತ ಬೇರೆ ಯಾವ ಕಾಗ್ದದಲ್ಲೂ ಈಗ ನಾನಿಲ್ಲ.' ಅಮ್ಮನಿಗೆ ಸಿಟ್ಟು ಬಂತು. ಅಕ್ಕನ ಮೇಲೋ ನಮ್ಮ ಮೇಲೋ ತಿಳಿಯಲಿಲ್ಲ. ಪಾತ್ರೆ ತೊಳೆಯುವ ಸದ್ದು ಜೋರಾಯಿತು. ಆಮೇಲೆ ಬಂದು, 'ಹಂಗಾದ್ರೆ ನನ್ನ ಹೆಸರು? ನಂದೂ ಒಂದು ಪಾಲು ಅಲ್ವೇನೋ? ಅದ್ಯಾರೂ ಕೇಳ್ಲೇ ಇಲ್ಲ' ಅಂದಳು. ನಿಜ ಹೇಳಬೇಕೆಂದರೆ, ಪತ್ರ ಬರೆಸುವಾಗ ಅಮ್ಮನಿಂದಲೂ ಒಂದು ಸಹಿ ಎಂದಷ್ಟೇ ನಾವು ಯೋಚಿಸಿದ್ದೆವು.

ಮೂವರ ಹೆಸರಿಗೆ ಖಾತೆ ಮಾಡಿಸಿದರೆ ಮುಂದೆ ಸಾಲ ಎತ್ತಲು ಮೂವರ ಸಹಿ ಬೇಕು, ಒಬ್ಬರು ಅಮೆರಿಕದಲ್ಲಿ. ತೊಡಕು ಇದ್ದೇ ಇದೆ. ಅದನ್ನು ಅಕ್ಕನಿಗೂ ಹೇಳಿದೆವು. 'ಬಂದಾಗ ಹಾಕ್ತೀನಿ' ಎಂದಳು. ಈ ಕುರಿತು ಒಪ್ಪಂದವೇನೂ ಆಗಿಲ್ಲ, ಜಗಳವೂ ಆಗಿಲ್ಲ.

ಹೊರಡುವ ಹಿಂದಿನ ದಿನ ಅಮ್ಮನೂ ಒಂದು ಬಿಲ್ಲೆ ಎಸೆದಳು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹತ್ತಡಿ ದೂರದಿಂದ. ಸರಪಳಿ ಝಲ್ ಎಂದಿತು. ಬಿಲ್ಲೆ ಬುಟ್ಟಿಯಲ್ಲಿ ಕೂತಿತು. ಪಕ್ಕದಲ್ಲಿದ್ದ ಹಚ್ಚೆ ಹುಡುಗರು ಚಪ್ಪಾಳೆ ಹೊಡೆದರು.

ಊರಿಗೆ ಬಂದು ಒಂಬತ್ತು ದಿನಕ್ಕೆ ನಾಡಕಚೇರಿಗೆ ಹೋಗಿ ವಂಶವೃಕ್ಷದ ಜೊತೆ ಅರ್ಜಿ ಕೊಟ್ಟೆವು, ಮೂರು ಹೆಸರು. ಗುಮಾಸ್ತರು ಪರಿಚಿತರು. 'ಹೆಣ್ಮಗಳದ್ದು ಬಿಡುಗಡೆ ಮಾಡಿಸ್ಲಿಲ್ವಾ ಸಾರ್?' ಎಂದು ಕನಿಕರದಿಂದ ಕೇಳಿದರು. ಭಾವ ಕೊಟ್ಟ ಕೆಂಪು ಬಿಲ್ಲೆ ಪಂಪ್‌ಹೌಸಿನ ಮೊಳೆಗೆ ನೇತುಬಿದ್ದಿದೆ. ತೋಟದ ಸಾಲಿನಲ್ಲಿ ಎಸೆದು ನೋಡಿದೆವು. ಮೂರನೇ ಮರಕ್ಕೇ ಬಡಿಯುತ್ತದೆ.