ದಾರಿಯ ಛತ್ರ

ಇಂಗ್ಲೆಂಡಿನ ಹಳ್ಳಿಗಳಲ್ಲಿ ದಾರಿಹೋಕರು ತಂಗಿ ಮದ್ಯ ಸೇವಿಸುವ ಹಳೆಯ ಮನೆಗಳುಂಟು. ಅವುಗಳ ಮುಂದೆ ಗುರುತಿನ ಹಲಗೆಯನ್ನು ತೂಗಹಾಕಬೇಕೆಂದು 1393ರಲ್ಲಿ ಅಲ್ಲಿನ ಅರಸನು ಕಟ್ಟಳೆ ಮಾಡಿದನು. ಬಳ್ಳಾರಿ ರಸ್ತೆಯೆಂದು ಹಳಬರು ಕರೆಯುವ ದೇವನಹಳ್ಳಿಯ ಹಾದಿಯಲ್ಲಾಗಲಿ, ಹೊಸಕೋಟೆ ನೆಲಮಂಗಲಗಳ ಹಾದಿಯಲ್ಲಾಗಲಿ ಅಂತಹ ಹಲಗೆ ಬೇಕಿರಲಿಲ್ಲ. ದೂರದಲ್ಲಿ ಆಲದ ನೆತ್ತಿ ಕಂಡರೆ ಸಾಕು, ಅದರಡಿಯಲ್ಲಿ ಬಾವಿಯೂ ಕಲ್ಲಿನ ಛತ್ರವೂ ಇರಬಹುದೆಂದು ಬಂಡಿಯವನು ಊಹಿಸುತ್ತಿದ್ದನು. ಎತ್ತುಗಳಂತೂ ಅವನಿಗಿಂತ ಮೊದಲೇ ಊಹಿಸುತ್ತಿದ್ದುವು!

ಚಳಿಯ ನಾಡಿನ ತಂಗುಮನೆ ಒಲೆಯ ಸುತ್ತ ಮುದುಡಿಕೊಳ್ಳುತ್ತದೆ. ಈ ಸೀಮೆಯ ಛತ್ರವಾದರೋ ಗಾಳಿಗೆ ಎದೆಯೊಡ್ಡಿ ನಿಲ್ಲುತ್ತದೆ. ಹಿಂದುಗಡೆ ಗೋಡೆ, ಮುಂದುಗಡೆ ಕಂಬಗಳ ಸಾಲು, ಬಾಗಿಲೇ ಇಲ್ಲ. ಬಾಗಿಲಿಲ್ಲದ ಮೇಲೆ ತಟ್ಟುವ, ಕೇಳುವ, ಬೇಡುವ ಮಾತೆಲ್ಲಿ? ಗೋಡೆಯಲ್ಲಿ ಹಣತೆಯಿಡಲು ಗೂಡು, ಮೂಲೆಯಲ್ಲಿ ಮೂರು ಕಲ್ಲಿನ ಒಲೆ, ಹೊರಗೆ ದನಗಳಿಗೆ ಕಲ್ಲುಬಾನಿ. ಪಕ್ಕದಲ್ಲಿ ಎರಡು ನಿಲುಗಲ್ಲುಗಳ ಮೇಲೆ ಒಂದು ಅಡ್ಡಗಲ್ಲು: ಒಂಟಿಯಾಗಿ ನಡೆಯುವವನು ಯಾರ ಕೈಯನ್ನೂ ಕಾಯದೆ ತಲೆಯ ಹೊರೆಯನ್ನು ಇಳಿಸಿ, ಮರಳಿ ಹೊರಲು ಅನುಕೂಲ.

ಕಲ್ಲಿಗೇನೂ ಇಲ್ಲಿ ಕೊರತೆಯಿಲ್ಲ. ಕಲ್ಲುಕುಟಿಗರು ಬಂಡೆಯ ಮೇಲೆ ಸೌದೆಯುರಿಸಿ, ಕಾದ ಮೇಲ್ಪದರವನ್ನು ಬಿಡಿಸಿ, ಚಪ್ಪಡಿಗಳಾಗಿ ಸೀಳುತ್ತಿದ್ದರು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ, ಅದರ ಮೇಲೆ ಗಾರೆ. ಒಂದರ ಭಾರವೇ ಇನ್ನೊಂದಕ್ಕೆ ಬಿಗಿ. ಆದರೆ ಕಲ್ಲು ಭಾರ ಹೊರುವುದೇ ಹೊರತು ಮರದಂತೆ ಬಾಗಲಾರದು. ಉದ್ದವಾದ ತೊಲೆ ನಡುವೆ ಬಿರಿಯುತ್ತದೆ. ಆದುದರಿಂದ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಬೇಕಾಯಿತು. ಆ ನಿರ್ಬಂಧವೇ ಉಪಕಾರವಾಯಿತು. ಎರಡು ಕಂಬಗಳ ನಡುವಿನ ಅಂಕಣ ಒಂದು ಸಂಸಾರಕ್ಕೆ ಒಂದಿರುಳಿನ ಮನೆ; ಒಂದು ಸೀರೆಯನ್ನು ಅಡ್ಡಕಟ್ಟಿದರೆ ಕೋಣೆ.

1791ರಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ವಶವಾದ ದೇವನಹಳ್ಳಿಯ ಕೋಟೆಯನ್ನು ಜನ ಇಂದಿಗೂ ನೋಡಹೋಗುತ್ತಾರೆ. ಯುದ್ಧ ಕಂಡ ಕಲ್ಲಿಗೆ ದೊರೆತ ಗೌರವ ನಿದ್ರೆ ಕೊಟ್ಟ ಕಲ್ಲಿಗೆ ದೊರೆಯದಿರುವುದು ಸೋಜಿಗವೇ ಸರಿ. ರಸ್ತೆ ಅಗಲವಾದಂತೆಲ್ಲ ಮೊದಲು ಆಲ ಉರುಳುತ್ತದೆ, ಆಮೇಲೆ ಛತ್ರ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲಂತೂ ಈ ಹಾದಿಗೆ ಬಿಡುವೇ ಇಲ್ಲ.

ಉಳಿದವುಗಳ ಪಾಡು ಬೇರೆ. ಬಂಡಿಯಿಂದ ಮೂಟೆಯನ್ನು ನೇರವಾಗಿ ಜಾರಿಸಲು ಒದಗುವಷ್ಟು ಎತ್ತರವಿದ್ದ ಜಗಲಿ, ಟಾರಿನ ಪದರಗಳು ಏರಿದಂತೆ ತಾನೇ ತಗ್ಗಿಹೋಗಿದೆ. ಮಳೆ ಬಂದರೆ ರಸ್ತೆಯ ನೀರು ಒಳಗೆ ನುಗ್ಗುತ್ತದೆ. ಬೇಸಗೆಯಲ್ಲಿ ಮಾತ್ರ ಯಾರೋ ಒಬ್ಬಾಕೆ ಚಕ್ಕೋತದ ಮಂಕರಿಯನ್ನು ಅಲ್ಲಿಳಿಸಿ, ಕಂಬಕ್ಕೆ ಬೆನ್ನು ಕೊಟ್ಟು ಕುಳಿತಿರುತ್ತಾಳೆ.